ಒಂದೇ ಹೆಪ್ಪಿನವರು

ಸರ್ವಮಂಗಳಾ ದಿನಕ್ಕೆ ಅರವತ್ತು ನಾಲಿಗೆ ನೋಡುತ್ತಿದ್ದಳು.

ತುಮಕೂರಿನ ಸಹವಾಸ ಪರೀಕ್ಷಾ ಕೇಂದ್ರದಲ್ಲಿ ಅವಳದು ಎರಡನೇ ಕೌಂಟರು. ಎದುರಿಗೆ ಕೂತವರಿಗೆ ಮೂರು ಪ್ರಶ್ನೆ ಕೇಳಬೇಕು: ಹೆಸರು, ವಯಸ್ಸು, ಮದುವೆಯಾಗಿದೆಯೋ ಇಲ್ಲವೋ. ಆಮೇಲೆ ಹತ್ತಿ ಸುತ್ತಿದ ಕಡ್ಡಿಯನ್ನು ನಾಲಿಗೆಯ ಮೇಲೆ ಮೂರು ಸಲ ಎಳೆದು, ಸೀಸೆಗೆ ಹಾಕಿ, ಮಾಪಕದೊಳಗೆ ಇಡಬೇಕು. ನಲವತ್ತು ನಿಮಿಷಕ್ಕೆ ಪರದೆಯ ಮೇಲೆ ಒಂದು ಅಂಕಿ ಬರುತ್ತಿತ್ತು. ಗಂಡ ಹೆಂಡತಿಯ ಅಂಕಿ ಅರವತ್ತು ದಾಟಿದರೆ ಅವರು ಒಂದು ಮನೆಯವರು. ಅವರ ಆದಾಯವನ್ನು ಮನೆಯ ತಲೆಗಳಿಗೆಲ್ಲ ಹಂಚಿ ತೆರಿಗೆ ಹಾಕುತ್ತಿದ್ದರು, ಅದು ಹಗುರವಾಗುತ್ತಿತ್ತು. ದಾಟದಿದ್ದರೆ ಅದು ಕಾಗದದ ಮದುವೆ. ಇಬ್ಬರಿಗೂ ಏಕಾಂಗಿ ತೆರಿಗೆ, ಅದರ ಮೇಲೆ ದಂಡ.

ಕಾಯಿದೆ ಬಂದು ಆರು ವರ್ಷವಾಗಿತ್ತು. ಸಂಸಾರಸ್ಥರಿಗೆ ರಿಯಾಯಿತಿ ಎಂದು ಸಾರಿದ ಮೊದಲ ವರ್ಷವೇ ಊರೂರಲ್ಲೂ ರಿಜಿಸ್ಟ್ರಾರ್ ಕಚೇರಿಯ ಮುಂದೆ ಸಾಲು ಬೆಳೆಯಿತು. ಒಬ್ಬರ ಹೆಸರು ಒಬ್ಬರಿಗೆ ಸರಿಯಾಗಿ ಗೊತ್ತಿಲ್ಲದವರೆಲ್ಲ ಮಾರ್ಚ್ ತಿಂಗಳಲ್ಲಿ ಹಾರ ಬದಲಿಸಿಕೊಂಡರು. ಅಂಥವರನ್ನು ಹಿಡಿಯಲು ಬಂದದ್ದು ಈ ಮಾಪಕ. ಅದರ ಹಿಂದಿದ್ದ ವಿಜ್ಞಾನ ಸರಳವಾದದ್ದೇ. ಮನುಷ್ಯನ ಬಾಯಲ್ಲಿ ನೂರಾರು ಜಾತಿಯ ಸೂಕ್ಷ್ಮಜೀವಿಗಳಿರುತ್ತವೆ. ಒಂದೊಂದು ಜಾತಿಯಲ್ಲೂ ಹಲವು ತಳಿಗಳು. ಒಂದೇ ಸೂರಿನಡಿ ಉಂಡು ಮಲಗುವವರು ತಮಗೇ ಗೊತ್ತಿಲ್ಲದಂತೆ ಈ ತಳಿಗಳನ್ನು ಹಂಚಿಕೊಳ್ಳುತ್ತಾರೆ. ಊರಿಗೆಲ್ಲ ಇರುವ ತಳಿ ಇಬ್ಬರಲ್ಲಿ ಸಿಕ್ಕರೆ ಅದಕ್ಕೆ ಬೆಲೆಯಿಲ್ಲ. ಬೇರೆಲ್ಲೂ ಇಲ್ಲದ ತಳಿ ಇಬ್ಬರಲ್ಲೇ ಸಿಕ್ಕರೆ ಅದಕ್ಕೆ ತೂಕ ಹೆಚ್ಚು. ಜಗಳಕ್ಕೆ ಎಡೆಯಿರಬಾರದೆಂದು ಕಾಯಿದೆಯಲ್ಲಿ ಒಂದು ಮಾತು ಸೇರಿಸಿದ್ದರು: ಯಾರು ಒಂದು ಮನೆಯವರು ಎಂಬ ವಿಚಾರದಲ್ಲಿ ಮಾಪಕದ ಮಾತೇ ಕೊನೆ.

ಜನ ಇದನ್ನು ನಾಲಿಗೆ ಟೆಸ್ಟು ಎನ್ನುತ್ತಿದ್ದರು.

ಸರ್ವಮಂಗಳಾ ಸಂಜೆ ಕಾಲೇಜಿನಲ್ಲಿ ಓದಿ ಬಿಎಸ್ಸಿ ಮುಗಿಸಿದವಳು. ಹಗಲು ಔಷಧಿ ಅಂಗಡಿಯಲ್ಲಿ ದುಡಿದು, ಸಂಜೆ ನಿದ್ದೆ ತೂಗುವ ಕಣ್ಣಲ್ಲಿ ಕಲಿತದ್ದು. ಹಾಗಾಗಿ ತಾನು ಕಲಿತದ್ದರಲ್ಲಿ ಎಲ್ಲೋ ಒಂದು ಪಾಠ ಬಿಟ್ಟುಹೋಗಿದೆ ಎಂಬ ಅಳುಕು ನಲವತ್ತನಾಲ್ಕನೇ ವಯಸ್ಸಿನಲ್ಲೂ ಅವಳನ್ನು ಬಿಟ್ಟಿರಲಿಲ್ಲ. ಸೀಸೆಯ ಚೀಟಿಯನ್ನು ಮೂರು ಸಲ ಓದುತ್ತಿದ್ದಳು. ಮನೆಗೆ ಬೀಗ ಹಾಕಿ ಬೀದಿಯ ತುದಿಗೆ ಬಂದವಳು ತಿರುಗಿ ಹೋಗಿ ಬೀಗ ಎಳೆದು ನೋಡುತ್ತಿದ್ದಳು.

ಮದುವೆಯಾಗಿರಲಿಲ್ಲ. ಮೊದಲು ತಮ್ಮನ ಓದು ಎಂದಾಯಿತು, ಆಮೇಲೆ ಅಮ್ಮನ ಕಾಯಿಲೆ, ಆಮೇಲೆ ಕೇಳುವವರೇ ಇರಲಿಲ್ಲ. ಅವಳಿಗೂ ಅದು ದೊಡ್ಡ ಕೊರತೆ ಎನಿಸಲಿಲ್ಲ. ಅಮ್ಮ ಇರುವವರೆಗೆ ಅವರಿಬ್ಬರೂ ಕಾಯಿದೆಯ ಪ್ರಕಾರ ಒಂದು ಮನೆಯವರಾಗಿದ್ದರು. ನಾಲ್ಕು ವರ್ಷದ ಹಿಂದೆ ಅಮ್ಮ ಹೋದರು. ಹನ್ನೊಂದನೇ ದಿನದ ಕಾರ್ಯ ಮುಗಿಸಿ ಕೆಲಸಕ್ಕೆ ಬಂದಾಗ ಸಂಬಳದ ಚೀಟಿಯಲ್ಲಿ ಹೊಸದೊಂದು ಸಾಲಿತ್ತು: ‘ಏಕಾಂಗಿ’. ತೆರಿಗೆ ಅರ್ಧದಷ್ಟು ಏರಿತ್ತು. ಆ ಚೀಟಿಯನ್ನು ಅವಳು ಈಗಲೂ ಅಮ್ಮನ ಕನ್ನಡಕದ ಡಬ್ಬಿಯಲ್ಲಿ ಮಡಿಸಿ ಇಟ್ಟಿದ್ದಳು. ತಮ್ಮ ಮತ್ತು ಅವನ ಹೆಂಡತಿಯ ಸಂಬಳ ಸೇರಿದರೆ ಇವಳದರ ಎರಡರಷ್ಟಾಗುತ್ತಿತ್ತು. ಅವರು ಕಟ್ಟುತ್ತಿದ್ದದ್ದು ಇವಳಿಗಿಂತ ಕಡಿಮೆ. ಅವರಿಗೆ ಮಕ್ಕಳಿರಲಿಲ್ಲ. ಮಕ್ಕಳಿದ್ದಿದ್ದರೆ ಇವಳು ಚಕಾರ ಎತ್ತುತ್ತಿರಲಿಲ್ಲ. ಮಕ್ಕಳನ್ನು ಸಾಕಲು ಖರ್ಚಿದೆ, ಅದು ನ್ಯಾಯ. ಇಬ್ಬರು ದೊಡ್ಡವರು ಒಂದು ಮಂಚ ಹಂಚಿಕೊಂಡರೆ ಸರ್ಕಾರಕ್ಕೆ ಏನು ಉಳಿತಾಯ ಎಂಬುದು ಮಾತ್ರ ಅವಳಿಗೆ ಎಷ್ಟು ಯೋಚಿಸಿದರೂ ಹೊಳೆಯುತ್ತಿರಲಿಲ್ಲ. ತನ್ನ ಬುದ್ಧಿಗೆ ಎಟುಕದ ಕಾರಣ ಏನೋ ಇರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದಳು.

ಹಾಗೆ ಸುಮ್ಮನಿರುವುದು ಕಷ್ಟವಾದದ್ದು ಬಸವಲಿಂಗಯ್ಯ ದಂಪತಿ ಬಂದ ದಿನ.

ಬಸವಲಿಂಗಯ್ಯ ಚಿಕ್ಕನಾಯಕನಹಳ್ಳಿ ಕಡೆಯ ಪ್ರೌಢಶಾಲೆಯ ಡ್ರಿಲ್ ಮೇಷ್ಟ್ರು. ಹೆಂಡತಿ ಪುಟ್ಟತಾಯಮ್ಮ ಅಂಗನವಾಡಿಯಲ್ಲಿದ್ದವರು. ಮದುವೆಯಾಗಿ ಇಪ್ಪತ್ತಾರು ವರ್ಷ. ಅಂಕಿ ಬಂದದ್ದು ನಲವತ್ತೇಳು.

“ಇನ್ನೊಂದು ಸಾರಿ ಹಾಕಿ ನೋಡಿ ತಾಯಿ,” ಎಂದರು ಮೇಷ್ಟ್ರು.

ಹಾಕಿದಳು. ನಲವತ್ತಾರು.

“ಇಪ್ಪತ್ತಾರು ವರ್ಷ ಈಯಪ್ಪನ ಗೊರಕೆ ಕೇಳಿದೀನಿ ಕಣಮ್ಮ,” ಎಂದರು ಪುಟ್ಟತಾಯಮ್ಮ. “ಇವರ ದಮ್ಮಿನ ಕಾಯಿಲೆಗೆ ರಾತ್ರಿಯೆಲ್ಲ ಎದೆ ಉಜ್ಜಿದೀನಿ. ಇನ್ನೆಂಗೆ ತೋರಿಸ್ಲಿ ಗಂಡ ಹೆಂಡ್ತಿ ಅಂತ? ನೀವೇ ಹೇಳಿ.”

ಸರ್ವಮಂಗಳಾ ‘ಕಾಗದದ ಮದುವೆ’ ಎಂದು ಮುದ್ರಿಸಿದ್ದ ಹಾಳೆಯ ಕೆಳಗೆ ಸಹಿ ಹಾಕಿದಳು. ಮೇಷ್ಟ್ರು ಹಾಳೆಯನ್ನು ನಾಲ್ಕಾಗಿ ಮಡಿಸಿ, ಹೆಂಡತಿಯ ಕೈ ಹಿಡಿದುಕೊಂಡು ಮೆಟ್ಟಿಲಿಳಿದರು. ಅವರು ಕೈ ಹಿಡಿದದ್ದು ಇವಳಿಗೆ ತೋರಿಸಲೆಂದೇ ಇರಬೇಕು.

* * *

ಜುಲೈ ತಿಂಗಳಲ್ಲಿ ಕೇಂದ್ರಕ್ಕೆ ಹೊಸ ಆದೇಶ ಬಂತು. ಏನೇನೂ ಸಂಬಂಧವಿಲ್ಲದವರ ನಾಲಿಗೆ ಹೇಗಿರುತ್ತದೆ ಎಂದು ಮಾಪಕಕ್ಕೆ ಕಲಿಸಲು ಇನ್ನೂರು ಏಕಾಂಗಿಗಳ ಮಾದರಿ ತೆಗೆಯಬೇಕು. ವಾರ್ಡಿನ ಪಟ್ಟಿಯಿಂದ ಹೆಸರು ಆರಿಸಿದರು. ಅದರಲ್ಲಿ ಸರ್ವಮಂಗಳಾಳ ಸಾಲುಮನೆಯ ಆರೂ ಮಂದಿ ಸೇರಿದ್ದರು.

ಹಳೇ ಅಕ್ಕಿ ಮಿಲ್ಲಿನ ಹಿಂದೆ ಏಳು ಒಂಟಿ ಕೋಣೆಯ ಮನೆಗಳಿದ್ದವು. ಏಕಾಂಗಿ ತೆರಿಗೆ ಕಟ್ಟಿ ಉಳಿದದ್ದರಲ್ಲಿ ಸಿಗುವ ಬಾಡಿಗೆ ಮನೆ ಅಂಥದ್ದೇ. ಹಾಗಾಗಿ ಸರ್ವಮಂಗಳಾಳ ಅಮ್ಮ ಹೋದ ಮೇಲೆ ಅಲ್ಲಿ ಉಳಿದವರೆಲ್ಲ ಒಂಟಿಗಳು. ಪಕ್ಕದ ಮನೆಯ ಶಹತಾಜ್ ಆಸ್ಪತ್ರೆಯ ನರ್ಸು, ಮೂವತ್ತೆಂಟು, ಗಂಡ ತೀರಿಕೊಂಡವಳು. ತುದಿಮನೆಯ ಚೌಡಪ್ಪ ತುಮಕೂರು ತಿಪಟೂರು ಬಸ್ಸಿನ ಕಂಡಕ್ಟರು, ಐವತ್ತೇಳು, ಹೆಣ್ಣು ನೋಡಿ ನೋಡಿ ಸಾಕಾಗಿ ಬಿಟ್ಟವನು.

“ಒಂದು ಸೀಟಲ್ಲಿ ಕೂತವನಿಗೆ ಒಂದೂವರೆ ಟಿಕೆಟ್ ಹರಿದ್ರೆ ಪ್ಯಾಸೆಂಜರ್ ನನ್ನ ಕೊರಳಪಟ್ಟಿ ಹಿಡೀತಾನೆ,” ಎನ್ನುತ್ತಿದ್ದ ಅವನು, ಸಂಬಳ ಬಂದ ದಿನ ತಪ್ಪದೆ. “ಸರ್ಕಾರ ಹರಿದ್ರೆ ಮಾತ್ರ ಎಲ್ಲಾರೂ ಬಾಯಿ ಮುಚ್ಕೊಂಡು ಇಸ್ಕೋಬೇಕು.”

ಮಾದರಿ ತೆಗೆದ ಮಾರನೆಯ ದಿನ ಮುಖ್ಯಸ್ಥರು ಕರೆ ಕಳಿಸಿದರು. ಡಾಕ್ಟರ್ ನಂಜುಂಡಾರಾಧ್ಯರು ಮಾಪಕವನ್ನು ಮಾಡಿದ ತಂಡದಲ್ಲಿದ್ದವರು. ಊಟದ ಹೊತ್ತು, ಮೇಜಿನ ಮೇಲೆ ಹೋಟೆಲಿನ ಅನ್ನ, ಕತ್ತರಿಸಿದ ಮೊಸರಿನ ಪ್ಯಾಕೆಟ್ಟು. ಹೆಂಡತಿ ತಿಪಟೂರಿನ ಕಾಲೇಜಿಗೆ ವರ್ಗವಾದ ಮೇಲೆ ಅವರದು ಇದೇ ಊಟ.

“ಏನ್ರೀ ಇದು?” ಪರದೆಯನ್ನು ಇವಳತ್ತ ತಿರುಗಿಸಿದರು. “ಏಕಾಂಗಿಗಳಲ್ಲಿ ಆರು ಜನ ಒಬ್ಬರಿಗೊಬ್ಬರು ಎಪ್ಪತ್ತೈದರ ಮೇಲಿದಾರೆ. ನಿಮ್ಮ ಜೊತೆನೂ ಹಾಗೇ ಇದೆ.”

ಪ್ರತಿದಿನ ಮೊದಲ ಸೀಸೆ ಪರೀಕ್ಷಕರದೇ ಇರುತ್ತಿತ್ತು. ಅವರ ಎಂಜಲು ಜನರ ಮಾದರಿಗೆ ತಾಗಿದ್ದರೆ ತಿಳಿಯಲಿ ಎಂದು. ಸರ್ವಮಂಗಳಾ ಯಾವುದಕ್ಕೆ ಇಷ್ಟು ವರ್ಷ ಹೆದರಿದ್ದಳೋ ಅದು ಆಗಿಹೋಗಿತ್ತು. “ನನ್ನಿಂದಲೇ ತಪ್ಪಾಗಿರ್ಬೇಕು ಸಾರ್. ಕೈಗವಸು ಬದಲಿಸಿದ್ದೆ... ಆದ್ರೂ ಇನ್ನೊಂದು ಸಲ ತೆಗೀತೀನಿ.”

ಮೂರು ಸಲ ತೆಗೆದಳು. ಎರಡನೇ ಸಲ ಒಂದನೇ ಕೌಂಟರಿನವರಿಂದ ತೆಗೆಸಿದಳು. ಮೂರನೇ ಸಲ ತಾನು ಕೋಣೆಯ ಒಳಗೇ ಬರಲಿಲ್ಲ. ಅಂಕಿಗಳು ಕದಲಲಿಲ್ಲ. ಶಹತಾಜ್‌ ಜೊತೆ ಎಂಬತ್ತೊಂದು. ಚೌಡಪ್ಪನ ಜೊತೆ ಎಂಬತ್ತನಾಲ್ಕು.

ಆರಾಧ್ಯರು ಬಾಗಿಲು ಮುಂದೆ ಮಾಡಿ, ಸ್ವರ ತಗ್ಗಿಸಿದರು. “ನೋಡಿ ಮೇಡಂ, ನಿಮ್ಮ ಖಾಸಗಿ ವಿಷಯ ನಂಗೆ ಬೇಡ. ಆದ್ರೆ ಸರ್ಕಾರಿ ಕೇಂದ್ರ ಇದು. ಈ ಕಂಡಕ್ಟರು... ಎಂಬತ್ತನಾಲ್ಕು ಅಂದ್ರೆ ಸುಮ್ನೆ ಬರಲ್ಲ. ಕಳೆದ ವರ್ಷ ನನ್ನದು, ನಮ್ಮ ಮನೆಯವರದು ಅರವತ್ತೊಂದು.”

ಅವಳಿಗೆ ಮಾತು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ ಕಿವಿ ಬಿಸಿಯಾಯಿತು. ಎದ್ದು ಬಂದಳು. ಹೇಳಬೇಕಾಗಿದ್ದ ನಾಲ್ಕು ಮಾತು ಬಸ್ ನಿಲ್ದಾಣ ದಾಟಿದ ಮೇಲೆ ನೆನಪಾದವು.

* * *

ಸಾಲುಮನೆಯಲ್ಲಿ ಈ ಸುದ್ದಿ ಹೇಳುವುದು ಹೇಗೆಂದು ರಾತ್ರಿಯೆಲ್ಲ ಒದ್ದಾಡಿದಳು. ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಇಟ್ಟು, ಶಹತಾಜ್ ಮತ್ತು ಚೌಡಪ್ಪ ಇಬ್ಬರೇ ಇದ್ದಾಗ, ನೆಲ ನೋಡುತ್ತಾ ಹೇಳಿ ಮುಗಿಸಿದಳು.

ಚೌಡಪ್ಪ ನಕ್ಕ ರಭಸಕ್ಕೆ ಕೆಮ್ಮು ಬಂದು ಕಲ್ಲಿನ ಮೇಲೆ ಕೂತ. “ಮೂವತ್ತು ವರ್ಷ ಬ್ರೋಕರ್‌ಗಳಿಗೆ ಕಾಫಿ ಕುಡಿಸ್ದೆ ಕಣಕ್ಕ. ಒಬ್ಬನ ಕೈಲೂ ಆಗ್ಲಿಲ್ಲ. ಗೌರ್ಮೆಂಟ್ ಮಿಷಿನ್ನು ನಲವತ್ತು ನಿಮಿಷದಲ್ಲಿ ಹೆಣ್ಣು ಹುಡುಕಿಬಿಡ್ತು!”

“ನಿಮ್ಮ ಮುಖಕ್ಕೆ!” ಎಂದಳು ಶಹತಾಜ್. “ನಂದೂ ನಿಮ್ದೂ ಎಂಬತ್ತಂತೆ. ನಾನೇನು ಎರಡನೇ ಹೆಂಡ್ತಿನಾ? ಅಕ್ಕಾ, ಇವರ ಮಾತು ಕೇಳ್ತಾ ನಿಂತ್ರೆ ನನ್ನ ಡ್ಯೂಟಿ ಹೋಗುತ್ತೆ. ಸ್ವಲ್ಪ ಹೆಪ್ಪು ಕೊಡಿ. ನಿನ್ನೆ ಮೊಸರೆಲ್ಲ ಬಳಿದು ತಿಂದ್ಬಿಟ್ಟೆ, ಇಡೋದೇ ಮರೆತೆ.”

ಅವಳ ಕೈಯಲ್ಲಿ ಸ್ಟೀಲಿನ ಬಟ್ಟಲಿತ್ತು.

ಸರ್ವಮಂಗಳಾ ಬಟ್ಟಲನ್ನೇ ನೋಡುತ್ತಾ ನಿಂತಳು. ಕೊಡ ತುಂಬಿ ನೀರು ಕಾಲ ಮೇಲೆ ಹರಿಯಿತು.

ಅವಳ ಮನೆಯ ಹೆಪ್ಪು ಅಮ್ಮ ಹುಳಿಯಾರಿನ ತವರಿನಿಂದ ತಂದದ್ದು. ಪ್ರತಿ ಸಂಜೆ ಉಗುರುಬೆಚ್ಚಗಿನ ಹಾಲಿಗೆ ಹಿಂದಿನ ದಿನದ ಒಂದು ಚಮಚ, ಹೀಗೆ ಐವತ್ತು ವರ್ಷ ಕಡಿಯದೆ ನಡೆದದ್ದು. ಅಮ್ಮ ಹೋದ ದಿನವೂ ಶಹತಾಜ್ ನೆನಪಿಟ್ಟು ಹಾಲಿಗೆ ಹೆಪ್ಪು ಹಾಕಿದ್ದಳು. ಸಾಲುಮನೆಯಲ್ಲಿ ಯಾರ ಮೊಸರು ಕೆಟ್ಟರೂ, ಯಾರು ಊರಿಗೆ ಹೋಗಿ ಬಂದರೂ, ಬಟ್ಟಲು ಹಿಡಿದು ಬರುತ್ತಿದ್ದದ್ದು ಅವಳ ಬಾಗಿಲಿಗೆ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಎಂಬ ಅಮ್ಮನ ಕಟ್ಟಳೆಯನ್ನು ಅವಳೂ ಇಟ್ಟುಕೊಂಡಿದ್ದಳು. ಹಾಗಾಗಿ ಎಲ್ಲರೂ ಬೆಳಿಗ್ಗೆಯೇ ಬರುತ್ತಿದ್ದರು.

ಆ ದಿನ ಅವಳು ಕೇಂದ್ರಕ್ಕೆ ಒಂದು ಚಮಚ ಮೊಸರು ತೆಗೆದುಕೊಂಡು ಹೋದಳು. ಲಾಗ್ ಪುಸ್ತಕದಲ್ಲಿ ‘ಮಾದರಿ: ಮನೆಯ ಮೊಸರು, ತಂದವರು: ಪರೀಕ್ಷಕಿ’ ಎಂದು ಬರೆದು ಸಹಿ ಹಾಕಿಯೇ ಮಾಪಕಕ್ಕೆ ಇಟ್ಟಳು. ಪರದೆ ತುಂಬ ತಳಿಗಳ ಹೆಸರು ಬಂದವು. ಹನ್ನೊಂದು ತಳಿಗಳು ಸಾಲುಮನೆಯ ಏಳು ನಾಲಿಗೆಗಳಲ್ಲೂ ಇದ್ದವು. ಬೇರೆ ಎಲ್ಲೂ ಇರಲಿಲ್ಲ.

ಮಾಪಕ ಮಾಡಿದವರು ದಡ್ಡರಾಗಿರಲಿಲ್ಲ. ಅಂಗಡಿಯ ಮೊಸರಿನ ತಳಿಗಳು ಎಲ್ಲರ ಬಾಯಲ್ಲೂ ಒಂದೇ ಎಂದು ತಿಳಿದು ಅವನ್ನು ಲೆಕ್ಕದಿಂದ ಮೊದಲೇ ಬಿಟ್ಟಿದ್ದರು. ಆದರೆ ಅವರು ತಟ್ಟೆಗೆ ಬಂದ ಮೊಸರು ಉಣ್ಣುವವರು, ಹೆಪ್ಪು ಹಾಕಿದವರಲ್ಲ. ಮನೆಯಲ್ಲಿ ಹೆಪ್ಪು ಹಾಕುತ್ತಾರೆ, ಅದು ಐವತ್ತು ವರ್ಷ ಉಳಿಯುತ್ತದೆ, ಉಳಿಯುತ್ತಾ ಬೇರೆಲ್ಲೂ ಸಿಗದ ತಳಿಯಾಗುತ್ತದೆ, ಅದನ್ನು ಪಕ್ಕದ ಮನೆಯವರು ಬಂದು ಕೇಳುತ್ತಾರೆ ಎಂಬುದು ಅವರ ತಲೆಗೆ ಬಂದಿರಲಿಲ್ಲ. ಅಪರೂಪದ ತಳಿಗೆ ತೂಕ ಹೆಚ್ಚು ಎಂದು ಅವರೇ ಹೇಳಿಕೊಟ್ಟಿದ್ದ ಮಾಪಕ, ಹೆಪ್ಪನ್ನು ಹಿಡಿದು ತೂಗುತ್ತಿತ್ತು.

ಅವಳಿಗೆ ಮೊದಲು ಬಂದದ್ದು ಸಮಾಧಾನ. ತಪ್ಪು ತನ್ನ ಕೈಯದಲ್ಲ. ಆಮೇಲೆ ಬಸವಲಿಂಗಯ್ಯ ಮೇಷ್ಟ್ರ ನೆನಪಾಯಿತು. ಫೋನಿನಲ್ಲಿ ಪುಟ್ಟತಾಯಮ್ಮ ಸಿಕ್ಕರು.

“ಅಮ್ಮಾ, ಒಂದು ಮಾತು ಕೇಳ್ತೀನಿ, ಬೇಜಾರಾಗ್ಬೇಡಿ. ಮೇಷ್ಟ್ರು ಮೊಸರು ಊಟ ಮಾಡ್ತಾರಾ?”

“ಅಯ್ಯೋ, ಮೊಸರಾ? ದಮ್ಮು ಶುರುವಾದಾಗಿಂದ ಮುಟ್ಟಿಲ್ಲ ಕಣಮ್ಮ. ಡಾಕ್ಟರು ಬ್ಯಾಡ ಅಂದವ್ರೆ. ಹನ್ನೆರಡು ವರ್ಷ ಆಯ್ತು. ಯಾಕೆ?”

ಸರ್ವಮಂಗಳಾ ಫೋನು ಇಟ್ಟಳು. ಮೇಷ್ಟ್ರು ಮನೆಯ ಮೊಸರು ಉಣ್ಣುತ್ತಿರಲಿಲ್ಲ, ಅಂಕಿ ಬಿದ್ದದ್ದು ಅಷ್ಟಕ್ಕೇ. ಆಮೇಲೆ ಕೂತು, ಆ ತಿಂಗಳು ತನ್ನ ಕೌಂಟರಿನಲ್ಲಿ ಅರವತ್ತು ದಾಟಿದ ಮುನ್ನೂರ ಹನ್ನೆರಡು ದಂಪತಿಗಳ ಲೆಕ್ಕವನ್ನು ಮೊಸರಿನ ತಳಿ ಬಿಟ್ಟು ಹೊಸದಾಗಿ ಹಾಕಿದಳು. ನೂರ ಎಪ್ಪತ್ತು ಜೋಡಿ ಅರವತ್ತರಿಂದ ಕೆಳಗಿಳಿದರು. ಇಷ್ಟು ವರ್ಷ ಸರ್ಕಾರ ಅಳೆಯುತ್ತಿದ್ದದ್ದು ಮದುವೆಯನ್ನಲ್ಲ.

* * *

ಆರಾಧ್ಯರು ವರದಿಯನ್ನು ಎರಡು ಸಲ ಓದಿದರು. ಒಳ್ಳೆಯ ವಿಜ್ಞಾನಿ; ಓದುತ್ತಾ ಅವರ ಮುಖ ಅರಳಿದ್ದನ್ನು ಅವಳು ಕಂಡಳು. “ಭಲೇ ಕೆಲಸ ಮೇಡಂ. ನಮ್ಮ ಇಡೀ ತಂಡಕ್ಕೆ ಹೊಳೀಲಿಲ್ಲ. ಮೊನ್ನೆ ನಾನಾಡಿದ ಮಾತು ಮನಸ್ಸಲ್ಲಿಟ್ಕೋಬೇಡಿ.” ಕುರ್ಚಿಯನ್ನು ಹಿಂದಕ್ಕೆ ಒರಗಿಸಿದರು. “ಸರಿ ಮಾಡೋದು ಸುಲಭ. ಏಕಾಂಗಿಗಳ ಮಾದರೀಲಿ ಮೊಸರಿನ ತಳಿ ಬಿಟ್ಟು ಲೆಕ್ಕ ಹಾಕೋ ಹಾಗೆ ಬದಲಿಸಿಬಿಡೋಣ. ಲೆಕ್ಕ ಬದಲಿಸೋಕೆ ಪರೀಕ್ಷಕರ ಸಹಿ ಬೇಕು. ಇಲ್ಲಿ ಹಾಕಿ.”

“ದಂಪತಿಗಳ ಮಾದರೀಲಿ?”

“ಅದು ಇದ್ದ ಹಾಗೇ ಇರ್ಲಿ. ನೀವೇ ಬರೆದಿದೀರಲ್ಲ, ಅರ್ಧಕ್ಕರ್ಧ ಜನ ಬಿದ್ದೋಗ್ತಾರೆ. ಊರಿಗೇ ಬೆಂಕಿ ಬೀಳುತ್ತೆ.”

“ಅಂದ್ರೆ ಮದುವೆಯಾದವರ ಬಾಯಲ್ಲಿದ್ರೆ ಅದು ಸಂಸಾರ, ನಮ್ಮ ಬಾಯಲ್ಲಿದ್ರೆ ಬರೀ ಮೊಸರು.”

“ಮಾತಿಗೆ ಮಾತು ಬೇಡ. ಸಂಸಾರಸ್ಥರು ನಾಳೆಯ ಪ್ರಜೆಗಳನ್ನ ಬೆಳೆಸ್ತಾರೆ. ಅವರಿಗೆ ಕೈಹಿಡಿಯೋದು ತಪ್ಪಾ?”

“ಬೆಳೆಸೋರಿಗೆ ಕೊಡಿ ಸಾರ್, ನನ್ನ ಪಾಲಿಂದಲೇ ಕೊಡಿ. ನನ್ನ ತಮ್ಮಂಗೆ ಮಕ್ಕಳಿಲ್ಲ, ರಿಯಾಯಿತಿ ಇದೆ. ಶಹತಾಜ್ ಸಂಬಳದಲ್ಲಿ ಅವಳ ಅತ್ತೆ ಮಾವನ ಔಷಧಿ ನಡೀತಿದೆ, ರಿಯಾಯಿತಿ ಇಲ್ಲ. ನಮ್ಮ ಚೌಡಪ್ಪಂಗೆ ಹೋದ ವರ್ಷ ಟೈಫಾಯಿಡ್ ಬಂದಾಗ ಗಂಜಿ ಕಾಯಿಸಿದ್ದು ಸಾಲುಮನೆ. ನಮ್ಮಮ್ಮನ್ನ ಕೊನೇ ದಿನ ಎತ್ತಿ ಕೂರಿಸಿದ್ದು ಅವನೇ.” ಅವಳು ವರದಿಯ ಮೇಲೆ ಬೆರಳಿಟ್ಟಳು. “ಯಂತ್ರ ಸುಳ್ಳು ಹೇಳ್ತಿದೆ ಅನ್ನಿ, ಆಗ ಬಸವಲಿಂಗಯ್ಯನವರ ದಂಡ ವಾಪಸ್ ಕೊಡಿ. ನಿಜ ಹೇಳ್ತಿದೆ ಅನ್ನಿ, ಆಗ ನಾವು ಏಳು ಜನ ಒಂದು ಮನೆಯವರು, ನಮ್ಮ ದುಡ್ಡು ವಾಪಸ್ ಕೊಡಿ. ಎರಡರಲ್ಲಿ ಒಂದು ಸಾರ್. ಎರಡೂ ನಿಮಗೇ ಬೇಕು ಅಂದ್ರೆ ನಾನು ಸಹಿ ಹಾಕಲ್ಲ.”

“ಕೆಲಸಕ್ಕೆ ಸಂಚಕಾರ ಬರುತ್ತೆ.”

“ಗೊತ್ತು ಸಾರ್.” ಪೆನ್ನನ್ನು ಮೇಜಿನ ಮೇಲೆ, ಕಾಗದದ ಪಕ್ಕಕ್ಕೆ, ಸದ್ದಾಗದಂತೆ ಇಟ್ಟಳು.

ಮನೆಗೆ ಬಂದು ಪತ್ರ ಬರೆದಳು. ಕಳ್ಳತನದಲ್ಲಿ ಏನನ್ನೂ ಮಾಡಲು ಅವಳಿಗೆ ಬರುತ್ತಿರಲಿಲ್ಲ. ನಾಲ್ಕು ಸಲ ಬರೆದು ಹರಿದು, ಐದನೆಯದನ್ನು ತೆರಿಗೆ ಪ್ರಾಧಿಕಾರಕ್ಕೂ ಮೇಲ್ಮನವಿ ಪೀಠಕ್ಕೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದಳು:

‘ಮಾನ್ಯರೇ, ನನ್ನ ಪರೀಕ್ಷೆಯ ವರದಿಯನ್ನು ಲಗತ್ತಿಸಿದ್ದೇನೆ. ನನ್ನ ಸಹಿಯಿರುವ, ಬಸವಲಿಂಗಯ್ಯ ದಂಪತಿಗೆ ಸಂಬಂಧಿಸಿದ ಫಲಿತಾಂಶ ತಪ್ಪೆಂದು ಒಪ್ಪಿಕೊಳ್ಳುತ್ತೇನೆ. ಮಾಪಕದ ಮಾತೇ ಕೊನೆ ಎಂದು ಕಾಯಿದೆ ಹೇಳುತ್ತಿರುವವರೆಗೆ, ನಾನು ಬರುವ ಸೋಮವಾರದಿಂದ ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ, ನನ್ನ ಮನೆಯ ಬಾಗಿಲಲ್ಲಿ, ಕೇಳಿದವರಿಗೆಲ್ಲ ಹೆಪ್ಪು ಕೊಡುತ್ತೇನೆ. ಇದನ್ನು ಮುಂಚಿತವಾಗಿ ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ.’

“ಬೆಂಕಿ ಹಚ್ಚೋಳು ಫೈರ್ ಸ್ಟೇಷನ್ನಿಗೆ ಕಾಗದ ಬರೆದಂಗಾಯ್ತು,” ಎಂದ ಚೌಡಪ್ಪ, ಪತ್ರ ಓದಿಸಿ ಕೇಳಿ. ಆದರೆ ಭಾನುವಾರ ಅವನೇ ಹತ್ತು ಲೀಟರ್ ಹಾಲು ಹೊತ್ತು ತಂದ.

* * *

ಸೋಮವಾರ ಬಂದವರು ಒಂಬತ್ತು ಜನ. ಎಲ್ಲರೂ ಶಹತಾಜ್‌ ಆಸ್ಪತ್ರೆಯ ನರ್ಸುಗಳು. ಹೆಪ್ಪು ತೆಗೆದುಕೊಂಡವರು ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದು, ‘ನಾನು ಈ ಮನೆಯವಳು’ ಎಂದು ಸಹಿ ಹಾಕಬೇಕು. ಇದು ಸರ್ವಮಂಗಳಾಳ ಹಟ. ಗುಟ್ಟಾಗಿ ಒಯ್ಯುವವರಿಗೆ ಹೆಪ್ಪಿಲ್ಲ.

ಗುರುವಾರ ನಲವತ್ತು ಜನ ಬಂದರು. ಮಹಿಳಾ ಹಾಸ್ಟೆಲಿನವರು, ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯರು, ಹೆಂಡತಿ ತೀರಿಕೊಂಡ ಅಂಚೆ ಗುಮಾಸ್ತ, ಮದುವೆ ಬೇಡವೆಂದು ಕೂತ ಸಂಗೀತದ ಮೇಷ್ಟ್ರು. ಒಬ್ಬರಿಗೊಬ್ಬರು, “ನೀವು ಎಷ್ಟು ವರ್ಷದಿಂದ ಒಂದೂವರೆ ಟಿಕೆಟ್ಟು?” ಎಂದು ಕೇಳಿಕೊಳ್ಳುತ್ತಿದ್ದರು, ಚೌಡಪ್ಪನ ಮಾತು ಊರಿಗೆಲ್ಲ ಹಬ್ಬಿತ್ತು. ಅವನ ಬಸ್ಸಿನ ಡ್ರೈವರ್ ಸೀಟಿನ ಹಿಂದೆ ಬಟ್ಟೆ ಸುತ್ತಿದ ಸಣ್ಣ ಕುಡಿಕೆಗಳು ಗುಬ್ಬಿ, ನಿಟ್ಟೂರು, ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿದವು. ಒಯ್ದವರು ಮರುವಾರ ತಾವೇ ಬಾಗಿಲಲ್ಲಿ ಕೂತು ಹಂಚಿದರು. ಹೆಪ್ಪಿನ ಗುಣವೇ ಅದು, ಕೊಟ್ಟಷ್ಟೂ ಕೊಟ್ಟವರಲ್ಲಿ ಉಳಿಯುತ್ತದೆ.

ಎರಡನೇ ವಾರ ಸರ್ವಮಂಗಳಾಳ ಅಮಾನತು ಆದೇಶ ಬಂತು. ಅದನ್ನು ಓದಿ ಅವಳು ಒಳಗೆ ಹೋಗಿ ಅತ್ತಳು. ಆಮೇಲೆ ಮುಖ ತೊಳೆದು ಹಾಲು ಕಾಯಿಸಲು ಇಟ್ಟಳು. ತಾನು ಮಾಡುತ್ತಿರುವುದು ಸರಿಯೇ ಎಂದು ದಿನಕ್ಕೆ ಹತ್ತು ಸಲ ಕೇಳಿಕೊಳ್ಳುತ್ತಿದ್ದಳು. ಹತ್ತು ಸಲವೂ ಪುಟ್ಟತಾಯಮ್ಮನ ಪ್ರಶ್ನೆಯೇ ಉತ್ತರವಾಗಿ ಬರುತ್ತಿತ್ತು: ಇನ್ನೆಂಗೆ ತೋರಿಸ್ಲಿ?

ಬಸವಲಿಂಗಯ್ಯ ಮೇಷ್ಟ್ರು ಅವಳ ಪತ್ರದ ಪ್ರತಿ ಹಿಡಿದು ಮೇಲ್ಮನವಿ ಹಾಕಿದರು. ಒಂದು ದಿನ ಸಾಲಿನಲ್ಲಿ ಖಾಲಿ ಕೈಯಲ್ಲಿ ನಿಂತಿದ್ದರು. “ನಂಗೆ ಮೊಸರು ಬ್ಯಾಡ ತಾಯಿ, ಉಬ್ಬಸ ಬರುತ್ತೆ. ಸಹಿ ಹಾಕಿ ಹೋಗೋಣ ಅಂತ ಬಂದೆ.”

ಮೇಲ್ಮನವಿ ಪೀಠ ಒಂದು ತಡೆ ಕೊಟ್ಟಿತು: ತೀರ್ಪು ಬರುವವರೆಗೆ ಮಾಪಕದ ಲೆಕ್ಕವನ್ನು ಯಾರಿಗಾಗಿಯೂ ಬದಲಿಸಕೂಡದು. ಸೆಪ್ಟೆಂಬರ್ ಹೊತ್ತಿಗೆ ತುಮಕೂರಿನಿಂದ ತಿಪಟೂರಿನವರೆಗೆ ಎರಡು ಸಾವಿರದ ಮುನ್ನೂರು ಏಕಾಂಗಿಗಳು ಒಬ್ಬರಿಗೊಬ್ಬರು ಎಪ್ಪತ್ತರ ಮೇಲಿದ್ದರು. ಎಲ್ಲರೂ ಒಂದು ಮನೆಯವರೆಂದು ಅರ್ಜಿ ಹಾಕಿದರು. ಕೇಂದ್ರದ ಪರದೆಯ ಮೇಲೆ ‘ಮನೆಯ ಸದಸ್ಯರ ಸಂಖ್ಯೆ’ ಎಂಬಲ್ಲಿ ಎರಡೇ ಅಂಕಿಗೆ ಜಾಗವಿತ್ತು. ಮಾಪಕ ಕಂಗಾಲಾಗಿ ನಿಲ್ಲುತ್ತಿತ್ತಂತೆ. ಒಂದನೇ ಕೌಂಟರಿನವರು ಹೆಪ್ಪು ಇಸಿದುಕೊಳ್ಳಲು ಬಂದಾಗ ಹೇಳಿ ನಕ್ಕರು.

* * *

ಅದೇ ತಿಂಗಳ ಒಂದು ಶನಿವಾರ, ಸಂಜೆ ದೀಪ ಹಚ್ಚಿ ತಿರುಗಿದರೆ ಬಾಗಿಲಲ್ಲಿ ಆರಾಧ್ಯರು. ಕಾರನ್ನು ಮಿಲ್ಲಿನ ಆಚೆ ನಿಲ್ಲಿಸಿ ನಡೆದು ಬಂದಿದ್ದರು. ಕೈಯಲ್ಲಿ ಬಟ್ಟೆಯ ಚೀಲ.

“ಬನ್ನಿ ಸಾರ್, ಕೂತ್ಕೊಳ್ಳಿ. ಕಾಫಿ ಮಾಡ್ತೀನಿ.”

“ಬೇಡಮ್ಮ.” ಮೇಡಂ ಹೋಗಿ ಅಮ್ಮ ಆಗಿತ್ತು. ಕೂತರು. ಗೋಡೆಯ ಮೇಲಿದ್ದ ಅವಳ ತಾಯಿಯ ಫೋಟೋ ನೋಡಿದರು. “ನಮ್ಮ ವಾರ್ಷಿಕ ಪರೀಕ್ಷೆ ಆಯ್ತು. ನಂದು, ನಮ್ಮ ಮನೆಯವರದು. ನಲವತ್ತನಾಲ್ಕು.”

ಅವಳು ಎತ್ತಿಕೊಂಡಿದ್ದ ಕಾಫಿ ಪಾತ್ರೆಯನ್ನು ಕೆಳಗಿಟ್ಟಳು.

“ಅವಳು ವರ್ಗ ಆಗಿ ಹೋದ್ಮೇಲೆ ಮನೇಲಿ ಹೆಪ್ಪು ಹಾಕೋರಿಲ್ಲ. ನಮ್ಮಜ್ಜಿ ಕಾಲದ್ದು, ಕೆಟ್ಟುಹೋಯ್ತು. ಅಲ್ಲೂ ಪ್ಯಾಕೆಟ್ಟು, ಇಲ್ಲೂ ಪ್ಯಾಕೆಟ್ಟು. ಪ್ಯಾಕೆಟ್ಟನ್ನ ಲೆಕ್ಕದಿಂದ ತೆಗೆದವನು ನಾನೇ.” ನಗಲು ನೋಡಿದರು, ಆಗಲಿಲ್ಲ. “ಇಪ್ಪತ್ತೊಂದು ವರ್ಷದ ಸಂಸಾರ. ಮೊದಲ ಕೌಂಟರಿನ ಹುಡುಗಿ ನನ್ನ ಮುಖ ನೋಡ್ದೆ ಹಾಳೆ ಕೊಟ್ಲು. ಕಾಗದದ ಮದುವೆ ಅಂತ. ಮರುಪರೀಕ್ಷೆಗೆ ಹದಿನೈದು ದಿನ ಇದೆ.” ಚೀಲದಿಂದ ಒಂದು ಸ್ಟೀಲ್ ಬಟ್ಟಲು ತೆಗೆದು, ತೊಡೆಯ ಮೇಲೆ ಇಟ್ಟುಕೊಂಡರು. ಅದಕ್ಕೆ ಮುಚ್ಚಳವೂ ಇತ್ತು.

ಸರ್ವಮಂಗಳಾಗೆ ಕನಿಕರವಾಯಿತು. ಗಡಿಗೆ ಎರಡು ಮಾರು ದೂರದಲ್ಲಿತ್ತು. ಒಂದು ಚಮಚ ಕೊಟ್ಟರೆ ಮುಗಿಯಿತು. ಹಿರಿಯರು, ಬಾಗಿಲಿಗೆ ಬಂದವರು. ಒಂದು ಹೆಜ್ಜೆ ಇಟ್ಟೂಬಿಟ್ಟಳು. ಆಮೇಲೆ ಮಿಲ್ಲಿನಾಚೆ ನಿಲ್ಲಿಸಿದ್ದ ಕಾರು ನೆನಪಾಯಿತು. ಕೈ ಹಿಡಿದುಕೊಂಡು ಮೆಟ್ಟಿಲಿಳಿದ ಮೇಷ್ಟ್ರು ನೆನಪಾದರು.

“ದೀಪ ಹಚ್ಚಾಯ್ತು ಸಾರ್,” ಎಂದಳು. “ದೀಪ ಹಚ್ಚಿದ ಮೇಲೆ ನಮ್ಮನೇಲಿ ಹೆಪ್ಪು ಕೊಡಲ್ಲ.”

“ವಿಜ್ಞಾನ ಓದಿದವರು ನೀವು...”

“ಸಂಜೆ ಕಾಲೇಜಲ್ಲಿ ಓದಿದ್ದು ಸಾರ್, ಅಲ್ಲಲ್ಲಿ ಬಿಟ್ಟುಹೋಗಿದೆ. ಬೆಳಿಗ್ಗೆ ಏಳಕ್ಕೆ ಬನ್ನಿ. ಸಾಲು ಚೌಡಪ್ಪನ ಮನೆ ಮುಂದಿಂದ ಶುರುವಾಗುತ್ತೆ. ಮೇಡಂ ಅವರನ್ನೂ ಕರ್ಕೊಂಡು ಬನ್ನಿ. ನೋಟ್‌ಬುಕ್ಕಲ್ಲಿ ಇಬ್ಬರೂ ಸಹಿ ಹಾಕ್ಬೇಕು. ಎಲ್ಲರೂ ಹಾಕ್ತಾರೆ.”

ಆರಾಧ್ಯರು ಬಟ್ಟಲನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಹೊಸ್ತಿಲು ದಾಟಿ ಮಿಲ್ಲಿನ ಕಡೆಗೆ ಹೊರಟರು. ಅವಳು ಬಾಗಿಲು ಹಾಕಿ, ತಾಳು ಸರಿಯಾಗಿ ಬಿದ್ದಿದೆಯೇ ಎಂದು ಎರಡು ಸಲ ನೋಡಿದಳು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದೆನಲ್ಲ ಎಂದು ನಿದ್ದೆ ಬರುವವರೆಗೂ ಕೊರಗಿದಳು. ಆದರೆ ಎದ್ದು ಹಿಂದೆ ಹೋಗಲಿಲ್ಲ.

ಬೆಳಿಗ್ಗೆ ಗಡಿಗೆ ಹಿಡಿದು ಹೊರಗೆ ಬಂದಾಗ ಸಾಲು ಮಿಲ್ಲಿನ ಗೇಟಿನವರೆಗೆ ಹೋಗಿತ್ತು. ಗಾರ್ಮೆಂಟ್ಸ್ ಹುಡುಗಿಯರ ಹಿಂದೆ, ಹದಿನೇಳನೆಯವರಾಗಿ, ಆರಾಧ್ಯರು ನಿಂತಿದ್ದರು. ಪಕ್ಕದಲ್ಲಿ ಮೊದಲ ಬಸ್ಸಿಗೆ ತಿಪಟೂರಿನಿಂದ ಬಂದ ಹೆಂಡತಿ. ಬಟ್ಟಲು ಚೀಲದಲ್ಲಿರಲಿಲ್ಲ. ಕೈಯಲ್ಲಿ ಹಿಡಿದಿದ್ದರು, ಮುಚ್ಚಳ ತೆಗೆದು. ಮಾತಾಡಿಸುವವರು ಮಾತಾಡಿಸುತ್ತಿದ್ದರು. ಚೌಡಪ್ಪ ಸಾಲಿನ ಉದ್ದಕ್ಕೂ ಓಡಾಡುತ್ತಾ, “ಮುಂದೆ ಬನ್ನಿ, ಮುಂದೆ ಬನ್ನಿ, ಒಬ್ಬರಿಗೆ ಒಂದೇ ಟಿಕೆಟ್ಟು!” ಎಂದು ಕೂಗುತ್ತಿದ್ದ.

ಅವರ ಸರದಿ ಬಂತು. ಸಹಿ ಹಾಕಿ ಆರಾಧ್ಯರು ತಲೆಯೆತ್ತಿದರು. ಸರ್ವಮಂಗಳಾ ಕೌಂಟರಿನ ಅಭ್ಯಾಸದಂತೆ, “ಹೆಸರು?” ಎಂದಳು.

ಹೇಳಿದರು. ವಯಸ್ಸನ್ನೂ ತಾವಾಗಿಯೇ ಹೇಳಿ, ಮೂರನೇ ಪ್ರಶ್ನೆಗೆ ಕಾದು ನಿಂತರು. ಹಿಂದಿದ್ದವರೂ ಕಾದರು.

ಅವಳು ಗಡಿಗೆಗೆ ಚಮಚ ಹಾಕಿದಳು.

“ಮನೇಲಿ ಹಾಲು ಎಷ್ಟಿದೆ ಸಾರ್?”